ಅಪ್ಪನ ಫೋಟೋ ಮುಂದಿನ ದೀಪ

ಬರ್ಗೆನ್, ನಾರ್ವೆ
3 ನವೆಂಬರ್ 2024

ಬೂದಿಗೆರೆಯಲ್ಲಿರುವ ನನ್ನ ಅಮ್ಮನಿಗೆ ಚಂದನಾಳ ನಮಸ್ಕಾರ.

ಫೋನ್ ಮಾಡಿದರೆ ಕಟ್ ಮಾಡುತ್ತೀಯ, ಅದಕ್ಕೇ ಈ ಕಾಗದ. ತಮ್ಮ ಅಂಬರೀಶನ ಕೈಲಿ ಓದಿಸಬೇಡ. ಅಂಗನವಾಡಿ ಮಕ್ಕಳಿಗೆ ಅಕ್ಷರ ತಿದ್ದಿಸುವವಳು ನೀನು, ನೀನೇ ಓದು. ಅಪ್ಪನ ವರ್ಷದ ಎಡೆಗೆ ನಾನು ಬರಕೂಡದು ಅಂದೆಯಂತೆ, ಅವನೇ ತಿಳಿಸಿದ. ಅದನ್ನು ನಿನ್ನ ಬಾಯಿಂದಲೇ ಕೇಳಬೇಕು ನಾನು.

ಇಲ್ಲಿ ಈ ತಿಂಗಳು ಸಂಜೆ ನಾಲ್ಕೂವರೆಗೇ ಕತ್ತಲು. ನಾನು ನರ್ಸಾಗಿರುವ ವೃದ್ಧಾಶ್ರಮದಲ್ಲಿ ಕಿಟಕಿಗೊಂದು, ಮೇಜಿಗೊಂದು ಮೇಣದಬತ್ತಿ ಹಚ್ಚುತ್ತಾರೆ. ಬದುಕಿರುವ ಮೊಮ್ಮಕ್ಕಳ ಫೋಟೋ ಮುಂದೆಯೂ ಹಚ್ಚುತ್ತಾರೆ. ಆರು ವರ್ಷ ನೋಡಿ ನೋಡಿ ನನಗೂ ಅದು ಬರೀ ಚಂದದ ವಸ್ತುವಾಗಿಹೋಗಿತ್ತು. ಹೋದ ವರ್ಷ ಇದೇ ತಿಂಗಳ ಒಂದು ಭಾನುವಾರ ಅಪ್ಪನ ಫೋಟೋ ಮುಂದೆ ಒಂದು ಹಚ್ಚಿ, ಎರಡು ಹೂವಿಟ್ಟು, ಚಿತ್ರ ತೆಗೆದು ನಿಮಗೆ ಕಳಿಸಿದೆ. ಹೊಳೆಯಲೇ ಇಲ್ಲ ಅಮ್ಮ, ನಿನ್ನಾಣೆ.

ನೀನು ಆಗಲೇ ಫೋನ್ ಮಾಡಿದೆ. "ಬದುಕಿರೋರ ಫೋಟೋ ಮುಂದೆ ದೀಪ ಹಚ್ತಾರೇನೇ? ಮೊದ್ಲು ಆರ್ಸು" ಅಂದೆ. ನಾನು ನಕ್ಕು, ಆರಿಸಿದೆ ಅಂದೆ. ಗುರುವಾರ ಬೆಳಗ್ಗೆ ಊರಿಗೆ ನೀರು ಬಿಡಲು ಹೋದ ಅಪ್ಪ ಪಂಚಾಯಿತಿ ಟ್ಯಾಂಕಿನ ಹತ್ತಿರ, ವಾಲ್ವ್ ಹಿಡಿದುಕೊಂಡೇ ಕುಸಿದುಹೋದ.

ನಾನು ಬರುವಷ್ಟರಲ್ಲಿ ಮಣ್ಣಾಗಿತ್ತು. ಬಾಗಿಲಲ್ಲಿ ನಿಂತವಳಿಗೆ ನೀನು ಕೈಕಾಲಿಗೆ ನೀರೂ ಕೊಡಲಿಲ್ಲ.

ಅದು ಹಾರ್ಟ್ ಅಟ್ಯಾಕ್ ಅಂತ ನನಗೆ ಗೊತ್ತು. ಬೀಡಿ ಬಿಡಲಿಲ್ಲ, ಬಿಪಿ ಮಾತ್ರೆ ನುಂಗಲಿಲ್ಲ. ಕೇಳಿದವರಿಗೆಲ್ಲ ಅದನ್ನೇ ಹೇಳುತ್ತೇನೆ. ಆದರೆ ಆಶ್ರಮದಲ್ಲಿ ಯಾರಾದರೂ ಕಡ್ಡಿ ಗೀರಿದರೆ ಸಾಕು, ಯಾರ ಫೋಟೋ, ಅವರು ಇದ್ದಾರೋ ಇಲ್ಲವೋ ಎಂದು ಓಡಿಹೋಗಿ ವಿಚಾರಿಸುತ್ತೇನೆ. ಇಲ್ಲಿಯವರು ನನ್ನನ್ನು ನೋಡಿ ಪಾಪ ಅನ್ನುತ್ತಾರೆ, ಅಲ್ಲಿ ನೀನು ಪಾಪಿ ಅನ್ನುತ್ತೀಯ. ಭಯವಾಗುತ್ತದಮ್ಮ. ಬೈದುಬಿಡು, ಬೇಕಾದರೆ ಹೊಡಿ, ಆದರೆ ಒಂದು ಸಲ ಬಾ ಅನ್ನು.

ನಿನ್ನ ಮಗಳು,
ಚಂದನ

ತಾ.ಕ.: ಆರಿಸಿದೆ ಅಂದದ್ದು ಸುಳ್ಳು. ಇನ್ನೇನು ಆರಿಸಬೇಕು ಅನ್ನುವಾಗ ಅಪ್ಪ ಹಿತ್ತಲಿಗೆ ಹೋಗಿ, ನಿನಗೆ ಗೊತ್ತಾಗದ ಹಾಗೆ ಫೋನ್ ಮಾಡಿದ್ದ. "ಇರ್ಲಿ ಬಿಡವ್ವ. ಸತ್ಮೇಲೆ ಹಚ್ಚಿದ್ರೆ ನಾನ್ ನೋಡಕಾಯ್ತದಾ? ನಿಮ್ಮಮ್ಮಂಗ್ ಹೇಳ್ಬೇಡ" ಅಂದ. ಅವನ ಮಾತು ಕೇಳಿ ಬುಧವಾರದವರೆಗೂ ದಿನಾ ಹಚ್ಚಿದೆ.