ತವರಿನ ತೊಟ್ಟಿಲು

೧೪ ಅಕ್ಟೋಬರ್ ೨೦೨೫, ಮಂಗಳವಾರ

ಊಟ ಸೇರಲಿಲ್ಲ. ಜನನ, ಮರಣ ಎರಡೂ ನಮ್ಮ ಒಂದೇ ಮೇಜಿನ ಮೇಲೆ ಆಗುತ್ತವೆ ಎಂದು ನೋಂದಣಿ ಕಚೇರಿಯಲ್ಲಿ ನಾನೇ ಹಾಸ್ಯ ಮಾಡುತ್ತಿದ್ದೆ. ಇನ್ನು ಆ ಮಾತು ಆಡಲಾರೆ.

ಮನೆಯವರನ್ನು ಧಿಕ್ಕರಿಸಿ ಲಗ್ನವಾದ ಅಪೇಕ್ಷಾ, ಹೋದ ವಾರ ಮಗಳ ಜನನ ಪತ್ರ ಒಯ್ಯುವಾಗ ಕೈಮುಗಿದಿದ್ದಳು. "ನಾವು ಬೆಳ್ಳಟ್ಟಿಯೊಳಗ ಅದೀವಿ ಅಂತ ಯಾರಿಗೂ ಹೇಳಬ್ಯಾಡ್ರಿ ಅಣ್ಣಾರ. ನಮ್ಮಣ್ಣ ನನ್ನ ಗಂಡನ್ನ ಉಳಸಂಗಿಲ್ಲ."

"ದಾಖಲೆ ಗೌಪ್ಯ, ನಾವೂ ಗಪ್ಪ" ಎಂದು ನಗಿಸಿ ಕಳಿಸಿದ್ದೆ.

ಇವತ್ತು ನಾನು ಚಹಾಕ್ಕೆ ಹೋದಾಗ ಆ ಅಣ್ಣನೇ ಬಂದಿದ್ದ. ತಾನು ಕೂಸಿನ ಸೋದರಮಾವ, ತವರಿನಿಂದ ತೊಟ್ಟಿಲು ಕಳಿಸಬೇಕು ಎಂದನಂತೆ. ನಮ್ಮ ಹಿರಿಯ ಗುಮಾಸ್ತ ಶ್ರೀಪಾದರಾಯರು ಕರಗಿಹೋಗಿ ವಿಳಾಸ ಬರೆದೇ ಕೊಟ್ಟಿದ್ದಾರೆ.

"ತವರಿನ ತೊಟ್ಟಿಲಿಗೆ ಇಲ್ಲಾ ಅನ್ನಲಿಕ್ಕೆ ಬರ್ತದೇನೋ?" ಎಂದರು ನನಗೆ.

ಮನೆಗೆ ಬಂದವನೇ, ಅರ್ಜಿಯಿಂದ ಬರೆದುಕೊಂಡಿದ್ದ ನಂಬರಿಗೆ, ಅಪೇಕ್ಷಾಗೆ ಫೋನು ಮಾಡಿದೆ. ಪಿಸುಗುಟ್ಟಿದಳು. "ಸಂಜಿಕ ಇಬ್ಬರು ಬೈಕಿನ ಮ್ಯಾಲೆ ಬಂದು ಮನಿ ನೋಡಿಕೊಂಡು ಹೋದ್ರು. ಅವರಿಗೆ ಯಾರು ಹೇಳಿದ್ರಿ?"

ನಮ್ಮ ಕಚೇರಿಯೇ ಎಂದೆ. ಈಗಲೇ ಮನೆ ಬಿಡಿ, ಪೊಲೀಸರಿಗೆ ನಾನು ಹೇಳುತ್ತೇನೆ ಎಂದೆ. ಹಿಂದೆ ಕೂಸು ಅಳುತ್ತಿತ್ತು. ಎಲ್ಲಿಗೆ ಹೋಗುತ್ತೀರಿ ಎಂದು, ವಿಳಾಸ ಕೇಳುವ ಕಚೇರಿಯ ರೂಢಿಯಲ್ಲೇ ಕೇಳಿಬಿಟ್ಟೆ.

"ಅದನ್ನ ನಿಮಗ ಹೇಳಂಗಿಲ್ರಿ ಅಣ್ಣಾರ."

ಠಾಣೆಯವರು ಹೊರಟಿದ್ದೇವೆ ಅಂದರು. ಅವಳ ಫೋನು ಈಗ ಬಂದ್ ಇದೆ. ಅವಳೇ ಬಂದ್ ಮಾಡಿರಲಿ.