ಕುಳಿತ ತಪ್ಪಿಗೆ ಗೇಟಿನ ಹೊರಗೆ

ವಸತಿ ಸಮುಚ್ಚಯದ ಕ್ಷೇಮಾಭಿವೃದ್ಧಿ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ನನ್ನ ಮನೆಗೆಲಸದಾಕೆಯ ಪ್ರವೇಶಪತ್ರವನ್ನು ತಾವು ರದ್ದುಪಡಿಸಿದ್ದೀರಿ. ಆಕೆ ಕದ್ದಳೆಂದಲ್ಲ, ಸುಳ್ಳಾಡಿದಳೆಂದಲ್ಲ. ಕೆಲಸ ಮುಗಿದ ಮೇಲೆ ನನ್ನ ಸೋಫಾದಲ್ಲಿ ಕುಳಿತು ಟಿ.ವಿ. ನೋಡುತ್ತಿದ್ದಳೆಂದು. ಶನಿವಾರದೊಳಗೆ ತಾವು ಮನಸ್ಸು ಬದಲಿಸದಿದ್ದರೆ ಆಕೆ ಊರಾಚೆ ಬೇರೊಂದು ಮನೆಗೆ ಸೇರುತ್ತಾಳೆ. ಖಾಸಗಿಯಾಗಿ ಬರೆದ ಪತ್ರಗಳಿಗೆ ತಾವು ಉತ್ತರಿಸದ ಕಾರಣ ಇದನ್ನು ಪತ್ರಿಕೆಗೆ ಕಳುಹಿಸುತ್ತಿದ್ದೇನೆ.

ತಮ್ಮ ಭಯದ ಮೂಲ ನನಗೆ ಗೊತ್ತು. ಈಗ ಎಲ್ಲರ ಮೊಬೈಲಿನಲ್ಲೂ ಓಡುತ್ತಿರುವ ಆ ಹಿಂದಿ ವೆಬ್ ಸರಣಿ. ದೊಡ್ಡ ಫ್ಲ್ಯಾಟಿನಲ್ಲಿ ಒಂಟಿ ಹೆಂಗಸು, ಆಕೆಯ ವಿಶ್ವಾಸ ಗಳಿಸುವ ಕೆಲಸದವಳು, ಆಮೇಲೊಂದು ಹೆಣ. ಜನ ಅದನ್ನು ಕಥೆಯೆಂದು ನೋಡಿದರು. ತಮ್ಮ ಸಮಿತಿ ಸುತ್ತೋಲೆಯೆಂದು ನೋಡಿತು. ಮರುವಾರವೇ ಲಿಫ್ಟಿನೊಳಗೆ ಸೂಚನೆ: ಕೆಲಸದವರು ಕೆಲಸ ಮುಗಿದೊಡನೆ ಹೊರಡತಕ್ಕದ್ದು, ಒಂಟಿ ಹಿರಿಯರೊಂದಿಗೆ ಅನಗತ್ಯ ಸಲಿಗೆ ನಿಷಿದ್ಧ. ಹಾಗಾದರೆ ಅಗತ್ಯವಾದ ಸಲಿಗೆ ಎಷ್ಟು, ಸ್ವಾಮಿ? ಸೂಚನೆಯ ಕಾಗುಣಿತವನ್ನು ಕೆಂಪು ಶಾಯಿಯಲ್ಲಿ ತಿದ್ದಿ ಬಂದಿದ್ದೇನೆ. ಅದರ ಮನಸ್ಸನ್ನು ತಿದ್ದುವುದು ನನ್ನ ಕೈಯಲ್ಲಿಲ್ಲ.

ವಿಚಿತ್ರವೆಂದರೆ, ನಾವಿಬ್ಬರೂ ನೋಡುತ್ತಿದ್ದುದು ಅದೇ ಸರಣಿಯನ್ನು. ಮಧ್ಯಾಹ್ನ ಪಾತ್ರೆಯಾದ ಮೇಲೆ ದಿನಕ್ಕೊಂದು ಕಂತು. ನನ್ನದು ಪರೀಕ್ಷೆಗೆ ಕಲಿತ ಹಿಂದಿ. ಆಕೆಯದು ಹಿಂದಿನ ಯಜಮಾನರ ಮನೆಗಳಲ್ಲಿ ಬೈಸಿಕೊಂಡು ಕಲಿತದ್ದು. ಬೈಗುಳ ಬಂದಾಗ ಅರ್ಥ ಕೇಳಿದರೆ, “ನಿಮ್ಗ್ಯಾಕೆ ಟೀಚರಮ್ಮ ಅದೆಲ್ಲ, ಬಾಯಿ ಕೆಡುತ್ತೆ” ಎಂದು ನನ್ನನ್ನೇ ಗದರುತ್ತಿದ್ದಳು. ಒಮ್ಮೆ ತೆರೆಯ ಮೇಲಿನ ಆ ಶ್ರೀಮಂತ ಹೆಂಗಸು ಒಬ್ಬಳೇ ಊಟಕ್ಕೆ ಕುಳಿತಿದ್ದಾಗ, “ಪಾಪ, ಜಗಳ ಆಡೋಕಾದ್ರೂ ಯಾರಾದ್ರೂ ಬೇಡ್ವಾ?” ಎಂದಳು. ಆಕೆ ನನ್ನತ್ತ ತಿರುಗದೆ ತೆರೆಯನ್ನೇ ನೋಡುತ್ತಿದ್ದಳು.

ಕೊನೆಯ ಕಂತನ್ನು ನಾವು ನೋಡಿಲ್ಲ. ಅಷ್ಟರಲ್ಲಿ ತಮ್ಮ ಆದೇಶ ಬಂತು. ಕೊಲೆಗಾರ್ತಿ ಆ ಕೆಲಸದವಳೇ ಇರಬಹುದು. ಇದ್ದರೆ ಅದು ಕಥೆ ಬರೆದವರ ತೀರ್ಮಾನ. ಶಿಕ್ಷೆ ನನ್ನ ಮನೆಗೆ ಬರುವವಳಿಗೇಕೆ? ಅಳಿಯ ಮಾವನನ್ನು ಕೊಲ್ಲುವ ಸರಣಿಗಳೂ ಸಾಕಷ್ಟಿವೆ. ನಮ್ಮ ಸಮುಚ್ಚಯದ ಅಳಿಯಂದಿರನ್ನು ಗೇಟಿನಲ್ಲಿ ತಡೆದದ್ದನ್ನು ನಾನಂತೂ ಕಂಡಿಲ್ಲ.

ತಮ್ಮ ಬಳಿ ಬಂದು ಕೇಳಿಕೊಂಡಾಗ ತಾವು ನಗುತ್ತಲೇ ಹೇಳಿದಿರಿ: “ಎಲ್ಲ ನಿಮ್ಮ ಒಳ್ಳೇದಕ್ಕೇ ಮೇಡಂ. ಕೆಲಸಕ್ಕೆ ಬೇರೆಯವರನ್ನ ಕಳಿಸ್ತೀವಿ.” ಕಳಿಸಿದಿರಿ ಕೂಡ. ಆ ಹುಡುಗಿ ತಮ್ಮ ನಿಯಮಕ್ಕೆ ಹೆದರಿ ನೆಲ ಒರೆಸುತ್ತಲೇ ಹಿಂದೆ ಸರಿದು ಬಾಗಿಲು ದಾಟುತ್ತಾಳೆ. ಹೆಸರು ಕೇಳಿದರೆ, ತಡವಾಗುತ್ತದೆ ಎನ್ನುತ್ತಾಳೆ.

ಮೊನ್ನೆ ನಾನೇ ಗೇಟಿನವರೆಗೆ ಇಳಿದು ಹೋದೆ. ನನ್ನವಳು ಹೊರಗೆ ನಿಂತಿದ್ದಳು, ನಡುವೆ ಕಂಬಿ. ಮಾತು ಆರಂಭಿಸುವಷ್ಟರಲ್ಲಿ ಕಾವಲುಗಾರ ಮುಖ ತಗ್ಗಿಸಿ, ಇಲ್ಲಿ ನಿಲ್ಲುವಂತಿಲ್ಲವೆಂದ. “ಹೋಗಿ ಟೀಚರಮ್ಮ, ನನ್ನಿಂದ ನೀವ್ಯಾಕೆ ಮಾತು ಕೇಳ್ಬೇಕು” ಎಂದಳು ಆಕೆ. ಊರಾಚೆಯ ಮನೆಯವರು ಶನಿವಾರದವರೆಗೆ ಮಾತ್ರ ಕಾಯುತ್ತಾರಂತೆ.

ತಮ್ಮ ಕೃಪೆಯಿಂದ ನಾನೀಗ ಸಂಪೂರ್ಣ ಸುರಕ್ಷಿತೆ. ನಿನ್ನೆ ಯಾರೋ ತಪ್ಪಿ ನನ್ನ ಸಂಖ್ಯೆಗೆ ಕರೆ ಮಾಡಿದರು. ಆ ಅಪರಿಚಿತನನ್ನು ಮಾತಿನಲ್ಲಿ ಕಟ್ಟಿಹಾಕಿಕೊಂಡೆ. ಹವೆ ಹೇಗಿದೆಯೆಂದು ಕೇಳಿದೆ, ಊಟವಾಯಿತೇ ಎಂದು ಕೇಳಿದೆ. ಸಭ್ಯ ಮನುಷ್ಯ. ಬಹಳ ಹೊತ್ತಿನ ಮೇಲೆ ಮೆಲ್ಲಗೆ, “ಫೋನ್ ಇಡ್ಲಾ ಅಮ್ಮಾ?” ಎಂದ. ಆತ ಕರೆ ಮುಗಿಸಿದ ಮೇಲೂ ಫೋನನ್ನು ಕಿವಿಯಿಂದ ತೆಗೆಯಲಾಗಲಿಲ್ಲ. ಅಧ್ಯಕ್ಷರೇ, ಇದಕ್ಕೆ ತಮ್ಮ ಸೂಚನಾಫಲಕದಲ್ಲಿ ಏನಾದರೂ ಪರಿಹಾರವಿದೆಯೇ?

ಆಕೆಯ ಪ್ರವೇಶಪತ್ರವನ್ನು ಶನಿವಾರದೊಳಗೆ ಹಿಂದಿರುಗಿಸಿ. ಅಪಾಯವೇನಿದ್ದರೂ ನನ್ನದೇ ಎಂದು ಬರೆದು ಸಹಿ ಹಾಕಿಕೊಡುತ್ತೇನೆ. ಬರೀ ಒಳಗೆ ಬಿಟ್ಟರೆ ಸಾಲದು, ಕುಳಿತುಕೊಳ್ಳಲು ಬಿಡಬೇಕು. ಜೀವಮಾನವಿಡೀ ಆಜ್ಞಾಪಿಸಿದ ನನಗೆ ಬೇಡಿ ಅಭ್ಯಾಸವಿಲ್ಲ. ಬೇಡುತ್ತಿದ್ದೇನೆ.

ಇಂತಿ,
ತಮ್ಮ ಸಂರಕ್ಷಣೆಯಲ್ಲಿ ಮಾತು ಮರೆಯುತ್ತಿರುವ
ಮೂರನೆಯ ಮಹಡಿಯ ನಿವೃತ್ತ ಶಿಕ್ಷಕಿ