ನಿಮ್ಮ ಏಷ್ಯಾದ ನಲವತ್ತೊಂದನೇ ಸಾಲು

ಏಷ್ಯಾ ಖಂಡದ ಸಮಸ್ತ ಹೃದಯತಜ್ಞರೇ, ಟೋಕಿಯೊದಿಂದ ಟೆಹರಾನಿನವರೆಗೆ ಎದೆ ತೆರೆದು ಮುಚ್ಚುವ ಮಹನೀಯರೇ, ಈ ಪತ್ರವನ್ನು ಎಂದೆಂದಿಗೂ ಓದಲಾರದ ಗಣ್ಯಾತಿಗಣ್ಯರೇ, ಕೊಟ್ಟೂರಿನ ಓಬಳೇಶ್ ಡಿ.ಟಿ.ಪಿ. ಅಂಡ್ ಝೆರಾಕ್ಸ್ ಅಂಗಡಿಯಿಂದ ನಿಮಗೆಲ್ಲ ಶರಣು. ದಯವಿಟ್ಟು ಕುಳಿತುಕೊಳ್ಳಿ. ನನಗೆ ಮಾತಿರುವುದು ನಿಮ್ಮಲ್ಲಿ ಒಬ್ಬರ ಜೊತೆ ಮಾತ್ರ.

ಪ್ರಧಾನ ಸಂಪಾದಕರೇ, ಏಷ್ಯಾದ ಹೃದಯ ಶಸ್ತ್ರಚಿಕಿತ್ಸಕರಿಗಾಗಿ ತಾವು ಹೊಸದಾಗಿ ಸ್ಥಾಪಿಸಿದ ವೈದ್ಯಕೀಯ ಪತ್ರಿಕೆಯ ಮೊಟ್ಟಮೊದಲ ಸಂಚಿಕೆಯಲ್ಲಿ, ಅರವತ್ತೆರಡನೇ ಪುಟದ ಕೋಷ್ಟಕದಲ್ಲಿ, ನಲವತ್ತೊಂದನೇ ಸಾಲಿನಲ್ಲಿ, ನನ್ನ ಅಕ್ಕನ ಮರ್ಯಾದೆ ತೆಗೆದಿದ್ದೀರಿ. ಆ ಸಾಲನ್ನು ತಿದ್ದಬೇಕು. ವಿಷಯ ಇಷ್ಟೇ. ಆದರೆ ‘ವಿಷಯ ಇಷ್ಟೇ’ ಎಂದು ಚಿಕ್ಕದಾಗಿ ಅರ್ಜಿ ಬರೆದವರಿಗೆ ನಮ್ಮ ಕಡೆ ಯಾವ ಕಚೇರಿಯಿಂದಲೂ ಉತ್ತರ ಬಂದದ್ದಿಲ್ಲ. ಆದ್ದರಿಂದ ಉದ್ದವಾಗಿ ಬರೆಯುತ್ತಿದ್ದೇನೆ, ಕ್ಷಮೆ ಇರಲಿ.

ತಮ್ಮ ಪತ್ರಿಕೆ ನನ್ನ ಕೈಗೆ ಬಂದದ್ದು ದಾವಣಗೆರೆ ಬೈಪಾಸಿನ ತಮ್ಮದೇ ಆಸ್ಪತ್ರೆಯ ಹೊರರೋಗಿಗಳ ಹಾಲ್‌ನಲ್ಲಿ. ಮೇಜಿನ ಮೇಲೆ ರಾಶಿ ಹಾಕಿದ್ದರು. ಹಾಳೆ ನುಣುಪು, ಹೊದಿಕೆ ಹೊಳಪು, ನಡುವೆ ಹೃದಯವೊಂದು ಕೆಂಪು ಕೆಂಪು. ಹೃದ್ರೋಗಿಗಳು ಏನು ತಿನ್ನಬೇಕು, ಏನು ಬಿಡಬೇಕು ಎಂಬ ಪುಸ್ತಕವಿರಬೇಕೆಂದು ಒಂದನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ನಾನು ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದವನು, ತಮ್ಮ ಇಂಗ್ಲಿಷು ನನ್ನ ಹಲ್ಲಿಗೆ ಗಟ್ಟಿ. ಹಗರಿಬೊಮ್ಮನಹಳ್ಳಿಯಲ್ಲಿ ಇಂಗ್ಲಿಷ್ ಉಪನ್ಯಾಸಕನಾಗಿರುವ ಗೆಳೆಯ ಕ್ರಾಂತಿಕುಮಾರ ಅಂಗಡಿಗೆ ಬಂದಾಗ ಅವನ ಮುಂದೆ ಹಿಡಿದೆ.

“ಲೇ ಓಬಳೇಶ, ಇದು ಅಡಿಗಿ ಪುಸ್ತಕ ಅಲ್ಲಲೇ,” ಅಂದ. “ದೊಡ್ಡ ಡಾಕ್ಟ್ರು ಸಣ್ಣ ಡಾಕ್ಟ್ರಿಗೆ ಬರ್ಯೋ ಪತ್ರಿಕಿ. ನಮ್ಮಂಥೋರು ಇದರಾಗ ಇರ್ತೀವಿ, ಓದಂಗಿಲ್ಲ.”

ಮೊದಲು ತಮ್ಮ ಸಂಪಾದಕೀಯ ಓದಿ ಹೇಳಿದ. ಏನು ಬರೆದಿದ್ದೀರಿ! ಚಿಕ್ಕಂದಿನ ಗಂಟಲು ಬೇನೆ ಕೀಲಿಗೆ ಇಳಿದು, ಕೀಲಿನಿಂದ ಎದೆಗೆ ಹತ್ತಿ ಕವಾಟ ಕೆಡಿಸುವ ಕಾಯಿಲೆ ಪಶ್ಚಿಮದ ದೇಶಗಳಲ್ಲಿ ಹೆಚ್ಚುಕಡಿಮೆ ಮಾಯವಾಗಿದೆ; ನಮ್ಮಲ್ಲಿ ಇನ್ನೂ ಇದೆ; ಆದರೂ ಅವರ ಪತ್ರಿಕೆಗಳು ನಮ್ಮ ಲೇಖನಗಳನ್ನು ಹಿಂದಕ್ಕೆ ಕಳಿಸುತ್ತವೆ; ನಮ್ಮ ರೋಗಿಯ ಬದುಕನ್ನು ಅರಿಯದವರು ನಮ್ಮ ರೋಗಿಯ ಬಗ್ಗೆ ತೀರ್ಪು ಕೊಡುವುದು ಯಾವ ನ್ಯಾಯ? ನಾನು ಅಂಗಡಿಯಲ್ಲೇ ಎದ್ದು ನಿಂತು ಚಪ್ಪಾಳೆ ಹೊಡೆದೆ. ಮದುವೆ ಕಾರ್ಡಿಗೆ ಬಂದಿದ್ದವರು ಬೆಚ್ಚಿಬಿದ್ದರು.

ಒಳಪುಟದಲ್ಲಿ ನಮ್ಮದೇ ಸುದ್ದಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲ್ಲೂಕಿನಲ್ಲಿ ತಮ್ಮ ಆಸ್ಪತ್ರೆಯವರು ಕವಾಟ ಬದಲಿಸಿದ ನೂರಾ ಹನ್ನೆರಡು ಮಂದಿಯ ವಿವರ. ಹರಪನಹಳ್ಳಿಯನ್ನು ಸರ್ಕಾರ ಬಳ್ಳಾರಿಯಿಂದ ದಾವಣಗೆರೆಗೆ, ದಾವಣಗೆರೆಯಿಂದ ಮತ್ತೆ ಬಳ್ಳಾರಿಗೆ, ಅಲ್ಲಿಂದ ವಿಜಯನಗರಕ್ಕೆ ಎತ್ತಿ ಎತ್ತಿ ಇಟ್ಟಿತು. ತಾವು ಒಂದೇ ಏಟಿಗೆ ಏಷ್ಯಾಕ್ಕೆ ಸೇರಿಸಿದಿರಿ. ಇಂಥ ಉಪಕಾರ ಯಾವ ಮಂತ್ರಿಯೂ ಮಾಡಿರಲಿಲ್ಲ.

ಆಮೇಲೆ ಕ್ರಾಂತಿ ದನಿ ಇಳಿಸಿದ. “ನಲವತ್ತೊಂದು. ಹೆಂಗಸು, ಐವತ್ತೆರಡು. ಕುರಿ ಕಾಯೋದು, ಹರಪನಹಳ್ಳಿ ತಾಲ್ಲೂಕು. ಲೋಹದ ಕವಾಟ. ಹದಿನಾಲ್ಕನೇ ತಿಂಗಳಿಗೆ ರಕ್ತಸ್ರಾವ. ಕಾರಣ: ಅನಕ್ಷರಸ್ಥೆ, ವೈದ್ಯರ ಸೂಚನೆ ಪಾಲಿಸುವುದಿಲ್ಲ. ಲೇ, ಇದು ನಿಮ್ಮ ಮೈಲಮ್ಮಕ್ಕ ಅಲ್ಲೇನೋ?”

ಹೌದು. ತೆಲಿಗಿಯ ನಮ್ಮಕ್ಕ ಮೈಲಮ್ಮ.

ತಮ್ಮವರ ಕೈಗುಣಕ್ಕೆ ನಾನು ಎರಡು ಮಾತು ಆಡುವುದಿಲ್ಲ. ಆ ಕವಾಟ ಇವತ್ತಿಗೂ ಟಿಕ್ ಟಿಕ್ ಎನ್ನುತ್ತದೆ. ಸುತ್ತ ಸದ್ದಡಗಿದಾಗ ಪಕ್ಕದಲ್ಲಿ ಕೂತವರಿಗೂ ಕೇಳುತ್ತದೆ. ಲೋಹದ ಕವಾಟ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ತೆಳುವಾಗಿಸುವ ಗುಳಿಗೆಯನ್ನು ಇರುವತನಕ ನುಂಗಬೇಕು. ಕಡಿಮೆಯಾದರೆ ಕವಾಟ ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ರಕ್ತ ಒಸರುತ್ತದೆ. ಅಕ್ಕನಿಗೆ ಹೆಚ್ಚಾಯಿತು. ಕುರಿ ಮೇಯಿಸಲು ಸಿರುಗುಪ್ಪದ ಗದ್ದೆ ಬಯಲಿಗೆ ಹೋಗಿದ್ದವಳು ಮೂಗಿಗೆ ಸೆರಗು ಒತ್ತಿಕೊಂಡು ತಮ್ಮಲ್ಲಿಗೆ ಬಂದಳು. ಐದು ದಿನ ಇಟ್ಟುಕೊಂಡು ಉಳಿಸಿದಿರಿ. ಬಿಡುಗಡೆಯ ದಿನ ತಮ್ಮ ಕಿರಿಯ ವೈದ್ಯರು ಕೇಳಿದರು: “ಯಾಕಮ್ಮ ಗುಳಿಗೆ ಜಾಸ್ತಿ ನುಂಗಿದ್ರಿ? ಹೇಳಿದ್ದು ನೆನಪಿರಲ್ವಾ?”

“ಮರ್ತಿನ್ರಿ ಸಾಹೇಬ್ರ,” ಅಂದಳು ಅಕ್ಕ.

ಅವರು ಬರೆದುಕೊಂಡರು. ಕಡತದ ಮೇಲೆ ಕೆಂಪು ಶಾಯಿ. ಅದೇ ಶಾಯಿ ತಮ್ಮ ಪತ್ರಿಕೆಯಲ್ಲಿ ಕಪ್ಪಾಗಿ ಖಂಡಾಂತರವಾಯಿತು. ಎದೆಗೆ ಹೊಲಿಗೆ, ಮಾನಕ್ಕೆ ಸುಲಿಗೆ!

ಸಂಪಾದಕರೇ, ನನ್ನ ಅಕ್ಕ ಇನ್ನೂರಾ ಎಂಬತ್ತು ಕುರಿಗಳ ಒಂದೊಂದರ ಮುಖ ಬಲ್ಲವಳು. ಯಾವ ಮರಿ ಯಾವ ತಾಯಿಯದು, ಯಾವುದಕ್ಕೆ ಯಾವ ವರ್ಷ ಕಾಲುಬೇನೆ ಬಂದಿತ್ತು, ಕೇಳಿ ನೋಡಿ. ಅಂಥವಳು ಮರೆತಳೆಂದರೆ ತಾವು ನಂಬಿದಿರಾ? ತಮ್ಮ ಕೋಷ್ಟಕದಲ್ಲಿ ವಯಸ್ಸಿಗೆ ಒಂದು ಮನೆ ಇದೆ, ತೂಕಕ್ಕೆ ಒಂದು ಮನೆ ಇದೆ, ಕವಾಟದ ಸುತ್ತಳತೆಗೂ ಇದೆ. ‘ಯಾಕೆ ಹೀಗಾಯಿತು, ಕೂತು ಕೇಳಿದೆವು’ ಎಂಬುದಕ್ಕೆ ಯಾಕಿಲ್ಲ? ಪಶ್ಚಿಮದವರು ತಮ್ಮನ್ನು ಹೇಗೆ ನೋಡಿದರೆಂದು ಸಂಪಾದಕೀಯದಲ್ಲಿ ಅತ್ತಿರೋ, ಅರವತ್ತೆರಡನೇ ಪುಟದಲ್ಲಿ ನಮ್ಮನ್ನು ಹಾಗೆಯೇ ನೋಡಿದ್ದೀರಿ. ಹೀಗಾದರೆ ತಮ್ಮ ಏಷ್ಯಾ ದಾವಣಗೆರೆ ಬೈಪಾಸಿನಲ್ಲೇ ಮುಗಿದುಹೋಗುತ್ತದಲ್ಲ ಸ್ವಾಮಿ?

ಕೋಷ್ಟಕ ಕಪಾಟಿನಲ್ಲಿರುತ್ತದೆ, ಕೆಟ್ಟ ಹೆಸರು ಮನೆಗೆ ಬರುತ್ತದೆ. ಅವತ್ತು ತಮ್ಮ ವೈದ್ಯರು ನಮ್ಮ ಭಾವ ಕರಿಸಿದ್ದಪ್ಪನನ್ನು ಕರೆದು “ಪೇಷಂಟ್ ಮಾತು ಕೇಳೋರಲ್ಲ, ನೀವೇ ಗಮನ ಇಡಿ” ಎಂದರು. ಅಲ್ಲಿಂದ ಗುಳಿಗೆಯ ಪಟ್ಟಿ ಭಾವನ ಅಂಗಿ ಜೇಬು ಸೇರಿತು. ಅಕ್ಕ ನುಂಗಿ, ಬಾಯಿ ತೆರೆದು ತೋರಿಸಬೇಕು.

“ಡಾಕ್ಟ್ರು ಹೇಳಿದ್ದೊಂದ್ ಮಾತು ಕೇಳಾಕ ಆಗ್ಲಿಲ್ಲೇನ್ ನಿನಗ? ಕುರಿಗಿ ಹೇಳಿದ್ರ ಕೇಳ್ತಾವು!” ಎಂದು ಅವನು ಒಮ್ಮೆ ನನ್ನ ಮುಂದೆಯೇ ಹಂಗಿಸಿದ.

“ಕುರಿಗಿ ಹೇಳಾಕಿ ನಾನು, ಅದಕ್ಕ ಕೇಳ್ತಾವು. ನಿನ್ನ ಮಾತು ಯಾವ ಕುರಿ ಕೇಳೈತಿ?”

ಮಾತಿಗೆ ಮಾತು ಕೊಟ್ಟಳು, ನಿಜ. ಆದರೆ ಈ ಸಲ ಹಿಂಡು ಬೇರೆಯವರ ಜೊತೆ ಹೊರಟಾಗ ಅವಳನ್ನು ಯಾರೂ ಕರೆಯಲಿಲ್ಲ. ಅವಳೂ ಕೇಳಲಿಲ್ಲ. ಈ ತಿಂಗಳ ಇಪ್ಪತ್ತಕ್ಕೆ ರಕ್ತಪರೀಕ್ಷೆಗೆ ತಮ್ಮಲ್ಲಿಗೆ ಬರಬೇಕು. ಅದರ ಮೇಲೆಯೇ ಮುಂದಿನ ಗುಳಿಗೆಯ ಅಳತೆ. ಬರುವುದಿಲ್ಲವಂತೆ. “ಆ ಕೆಂಪು ಶಾಯಿ ಫೈಲು ಕೈಯಾಗ ಹಿಡ್ಕಂಡು ಎಲ್ಲಾರ ಮುಂದ ನಿಂದ್ರಲ್ಯಾ? ಬೈಸ್ಕೊಳ್ಳಾಕ ಅಷ್ಟ್ ದೂರ ಯಾಕ ಹೋಗ್ಬೇಕು ತಮ್ಮಾ, ಮನ್ಯಾಗ ಬೈಯೋರು ಅದಾರಲ್ಲ.” ಪರೀಕ್ಷೆ ತಪ್ಪಿದರೆ ಆ ಟಿಕ್ ಟಿಕ್ ಏನಾಗುತ್ತದೆಂದು ತಮಗೆ ನಾನು ಹೇಳಬೇಕೆ?

ಆದ್ದರಿಂದ ಬೇಡಿಕೆ. ಮುಂದಿನ ಸಂಚಿಕೆಯಲ್ಲಿ ನಲವತ್ತೊಂದನೇ ಸಾಲಿಗೆ ತಿದ್ದುಪಡಿ ಹಾಕಿ. ಅದಕ್ಕಿಂತ ಮೊದಲು, ಇಪ್ಪತ್ತರೊಳಗೆ, ಕಡತದ ಮೇಲಿನ ಕೆಂಪು ಬರಹ ಹೊಡೆದುಹಾಕಿ, ‘ಮೈಲಮ್ಮನವರೇ, ನಿಮ್ಮ ತಪ್ಪೇನೂ ಇಲ್ಲ, ಪರೀಕ್ಷೆಗೆ ಬನ್ನಿ’ ಎಂದು ಕನ್ನಡದಲ್ಲಿ ಒಂದು ಪತ್ರ ತೆಲಿಗಿಗೆ ಕಳಿಸಿ. ಟೈಪು ಮಾಡುವವರಿಲ್ಲದಿದ್ದರೆ ನಾನು ಮಾಡಿಕೊಡುತ್ತೇನೆ. ತಾವು ಸಹಿ ಹಾಕಿದರೆ ಸಾಕು.

ಅವಳ ತಪ್ಪಲ್ಲ ಎಂಬುದಕ್ಕೆ ಪುರಾವೆ ಏನು ಎನ್ನುತ್ತೀರಿ. ಪುರಾವೆ ನಾನೇ. ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಕಳಿಸುವಾಗ ತಮ್ಮ ನರ್ಸಮ್ಮ, ಓದಿದವನೆಂದು, ಗುಳಿಗೆಯ ಲೆಕ್ಕ ಹೇಳಿದ್ದು ನನಗೆ: ವಾರಕ್ಕೆ ಒಂದು ದಿನ ಇಡೀ ಗುಳಿಗೆ, ಉಳಿದ ಆರು ದಿನ ಅರ್ಧ. ಅಕ್ಕನಿಗೆ ವಾರವೆಂದರೆ ಸಂತೆಯಿಂದ ಸಂತೆಗೆ. ಬಸ್ಸಿನಲ್ಲೇ ಪ್ರಾಸ ಕಟ್ಟಿ ಬಾಯಿಪಾಠ ಮಾಡಿಸಿದೆ: ‘ಸಂತಿ ಇದ್ರ ಇಡಿ, ಇಲ್ದಿದ್ರ ಒಡಿ.’ ಊರಲ್ಲಿದ್ದಾಗ ಅವಳಿಗೆ ವಾರಕ್ಕೊಂದೇ ಸಂತೆ. ವರ್ಷ ತುಂಬಿದರೂ ಚುಕ್ಕೆ ತಪ್ಪಲಿಲ್ಲ. ಕುರಿಯ ಜೊತೆ ಹೋದ ಬಯಲಲ್ಲಿ ಸುತ್ತ ಹತ್ತು ಹಳ್ಳಿ, ದಿನ ಬಿಟ್ಟು ದಿನ ಎಲ್ಲೋ ಒಂದು ಕಡೆ ಸಂತೆ. ದಿನಾ ಬೆಳಿಗ್ಗೆ ದಾರಿಹೋಕರನ್ನು ನಿಲ್ಲಿಸಿ ಕೇಳುತ್ತಿದ್ದಳೆಂದು ತಮ್ಮ ವಾರ್ಡಿನಲ್ಲಿ ಮಲಗಿದ್ದಾಗಲೇ ನನಗೆ ಹೇಳಿದ್ದಳು: “ಇವತ್ತ ಎಲ್ಲ್ಯಾರ ಸಂತಿ ಐತೇನ್ರಿ?” ಇದ್ದರೆ ಇಡೀ ಗುಳಿಗೆ. ಒಂದಕ್ಷರ ತಪ್ಪದೆ ಪಾಲಿಸಿದಳು.

ತಮ್ಮ ವೈದ್ಯರು ‘ಯಾಕಮ್ಮ’ ಎಂದು ಕೇಳಿದಾಗ ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಅವಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಆಮೇಲೆ ಅವಳು ‘ಮರ್ತಿನ್ರಿ’ ಅಂದಳು.

ಭಾವನಿಗೆ ಇದು ಇನ್ನೂ ಗೊತ್ತಿಲ್ಲ. ಈ ಪತ್ರ ತಮ್ಮ ಪತ್ರಿಕೆಯಲ್ಲಿ ಅಚ್ಚಾದ ದಿನವೇ ತೆಲಿಗಿಗೆ ಹೋಗಿ ನಾನೇ ಓದಿ ಹೇಳುತ್ತೇನೆ. ತಾವು ತಿದ್ದುಪಡಿಯಲ್ಲಿ ‘ಅನಕ್ಷರಸ್ಥೆ’ ಎಂಬುದನ್ನು ಹೊಡೆದು, ಕಾರಣದ ಜಾಗದಲ್ಲಿ ‘ಪದವೀಧರ ತಮ್ಮ’ ಎಂದು ಬರೆಯಿರಿ.

ಇಂತಿ,
ವೈದ್ಯರ ಸೂಚನೆಗೆ ಪ್ರಾಸ ಹಚ್ಚಿದ ತಪ್ಪಿತಸ್ಥ,
ಓಬಳೇಶ್, ಬಿ.ಎ.
ಕೊಟ್ಟೂರು